ಬೊಲೆರೊಗೆ, ಜೀಪಿಗೆ ಸಿಬಿ ರೇಡಿಯೋ: ಸೆಟ್ ಆಮೇಲೆ, ಮೊದಲು ಆಂಟೆನಾ

ಗೌಡ್ರೇ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿನೇ ನೋಡಿದೆ. ಫೋನಿನಲ್ಲಿ ಇಷ್ಟುದ್ದ ಒತ್ತೋಕೆ ಬೇಜಾರಾಗಿ ಬೆಳಿಗ್ಗೆ ಕಾಫಿ ಕುಡಿದು ಕೂತಿದ್ದೇನೆ. ಕೊಟ್ಟಿಗೆಹಾರದ ಕಡೆ ತೋಟ, ಗೇಟಿನ ಹತ್ತಿರ ಬಿಟ್ಟರೆ ನೆಟ್‌ವರ್ಕ್ ಎಲ್ಲೂ ಇಲ್ಲ, ಒಂದು ಬೊಲೆರೊ, ಒಂದು ಹಳೇ ಡೀಸೆಲ್ ಜೀಪ್, ಎರಡಕ್ಕೂ ಸಿಬಿ ರೇಡಿಯೋ (ಸಿಟಿಜನ್ ಬ್ಯಾಂಡ್, ಗಾಡಿಯಿಂದ ಗಾಡಿಗೆ ಮಾತಾಡುವ ವೈರ್‌ಲೆಸ್) ಹಾಕಿಸಬೇಕು, ಆನೆ ಇಳಿದರೆ ರೈಟರಿಗೂ (ತೋಟದ ಗುಮಾಸ್ತರಿಗೂ) ಮೇಸ್ತ್ರಿಗೂ ತಕ್ಷಣ ತಿಳಿಯಬೇಕು, ಯಾವ ಸೆಟ್ ತಗೊಳ್ಳಲಿ ಅಂತ ಕೇಳಿದ್ದೀರಿ. ಐದಾರು ಜನ ಆಗಲೇ ಸೆಟ್‌ಗಳ ಫೋಟೋ ಹಾಕಿದ್ದಾರೆ. ಆಂಟೆನಾ ಬಗ್ಗೆ ಒಬ್ಬರೂ ಬಾಯಿ ಬಿಟ್ಟಿಲ್ಲ. ಎಡವಟ್ಟಾಗೋದೇ ಅಲ್ಲಿ. ನಾಲ್ಕು ವ್ಯಾಟಿನ ಸೆಟ್ ಯಾವುದು ತಂದರೂ ನಾಲ್ಕೇ ವ್ಯಾಟ್. ಅದರಲ್ಲಿ ಎಷ್ಟು ಗಾಳಿಗೆ ಹೋಗುತ್ತದೆ, ಎಷ್ಟು ಕೇಬಲ್‌ನಲ್ಲೇ ವಾಪಸ್ ಬರುತ್ತದೆ ಅನ್ನೋದನ್ನು ಆಂಟೆನಾ ಮತ್ತು ಅದರ ಕೆಳಗಿನ ತಗಡು ತೀರ್ಮಾನ ಮಾಡುತ್ತವೆ.

ಮೊದಲು ಲೈಸೆನ್ಸ್ ವಿಷಯ ಮುಗಿಸಿಬಿಡ್ತೀನಿ, ಯಾಕಂದ್ರೆ ಇದಕ್ಕೆ ಲೈಸೆನ್ಸ್ ಬೇಕು ಅಂತ ಮೇಲೆ ಒಬ್ಬರು ಹೆದರಿಸಿದ್ದಾರೆ. ನಮ್ಮ ದೇಶದಲ್ಲಿ 26.957ರಿಂದ 27.283 ಮೆಗಾಹರ್ಟ್ಸ್ ತನಕ, 5 ವ್ಯಾಟ್ ಮೀರದ ಹಾಗೆ ಬಳಸೋಕೆ 2005ರ ನಿಯಮದಲ್ಲಿ ಲೈಸೆನ್ಸ್ ಬೇಡ ಅಂತ ಮಾಡಿದ್ದಾರೆ. ಇಲ್ಲೊಂದು ಸಣ್ಣ ಕಿತಾಪತಿ ಇದೆ. ಹೊರಗಿನಿಂದ ಬರುವ ಸೆಟ್‌ಗಳಲ್ಲಿ 40 ಚಾನೆಲ್ ಇರುತ್ತವೆ. 27ನೇ ಚಾನೆಲ್ 27.275, 28ನೆಯದು 27.285. ಅಂದ್ರೆ ನಮ್ಮ ಗಡಿ 27ಕ್ಕೇ ಮುಗೀತು, ಮೇಲಿನ ಹದಿಮೂರು ಚಾನೆಲ್ ಮುಟ್ಟಬೇಡಿ. ಸೈಡ್‌ಬ್ಯಾಂಡ್ ಅಂತ ಮಾತು ಕಳಿಸುವ ಇನ್ನೊಂದು ವಿಧಾನ (ಮೋಡ್) ಇರುವ ಸೆಟ್‌ಗಳಲ್ಲಿ ಅದಕ್ಕೆ ಹಾಕಿದರೆ 12 ವ್ಯಾಟ್ ತನಕ ಬರುತ್ತದೆ, ಅದೂ ಬೇಡ. ಅಂಗಡಿಯವರು "ಜೊತೆಗೆ ಒಂದು ಬೂಸ್ಟರ್ ಹಾಕಿಕೊಳ್ಳಿ ಸಾರ್" ಅಂದರೆ ಎದ್ದು ಬನ್ನಿ. ತಗೊಳ್ಳುವಾಗ ಸೆಟ್ಟಿಗೆ ಇಟಿಎ, ಅಂದ್ರೆ ಸರ್ಕಾರದ ಉಪಕರಣ ಒಪ್ಪಿಗೆ, ಆಗಿದೆಯಾ ಅಂತ ಕೇಳಿ.

ಆನ್‌ಲೈನಲ್ಲಿ ಅಗ್ಗಕ್ಕೆ ಸಿಗುವ ಚೀನಾ ಹ್ಯಾಂಡಿ (ಕೈಯಲ್ಲಿ ಹಿಡಿಯುವ ವಾಕಿಟಾಕಿ) ಬಗ್ಗೆ ಇನ್ನೊಬ್ಬರು ಹೇಳಿದ್ದಾರಲ್ಲ, ಅದು ಬೇರೆ ಬ್ಯಾಂಡ್, ಅದಕ್ಕೆ ಲೈಸೆನ್ಸ್ ಬೇಕೇ ಬೇಕು. ಹ್ಯಾಮ್ (ಹವ್ಯಾಸಿ ರೇಡಿಯೋ) ಪರೀಕ್ಷೆ ಬರೆದು ಲೈಸೆನ್ಸ್ ತಗೊಂಡರೂ ಅದನ್ನು ತೋಟದ ಕೆಲಸಕ್ಕೆ, ವ್ಯಾಪಾರಕ್ಕೆ ಬಳಸುವ ಹಾಗಿಲ್ಲ. ಅದು ಹವ್ಯಾಸಕ್ಕೆ ಮಾತ್ರ.

ಈಗ ಆಂಟೆನಾ. 27 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 11 ಮೀಟರ್. ಅದರ ಕಾಲು ಭಾಗ ಎರಡೂ ಮುಕ್ಕಾಲು ಮೀಟರ್, ಹೆಚ್ಚುಕಮ್ಮಿ ಒಂಬತ್ತು ಅಡಿ. ಕಡ್ಡಿ ಅಷ್ಟುದ್ದ ಇದ್ದರೆ ಅದರ ಸಮ ಯಾವುದೂ ಇಲ್ಲ. ಆದರೆ ಬೊಲೆರೊ ತಲೆ ಮೇಲೆ ಒಂಬತ್ತು ಅಡಿ ಕಡ್ಡಿ ನೆಟ್ಟುಕೊಂಡು ಸಿಲ್ವರ್ ಮರದ ಸಾಲಿನಲ್ಲಿ ಓಡಿಸೋಕೆ ಆಗುತ್ತಾ? ಅದಕ್ಕೇ ಬುಡದಲ್ಲಿ ತಾಮ್ರದ ತಂತಿ ಸುತ್ತಿ, ಕಡ್ಡಿ ಗಿಡ್ಡ ಮಾಡಿರುತ್ತಾರೆ. ಗಿಡ್ಡ ಆದಷ್ಟೂ ನಷ್ಟ ಜಾಸ್ತಿ, ಹೊಂದಿಸೋದೂ ಕಷ್ಟ. ಒಂದು ಮೀಟರಿಗಿಂತ ಕಮ್ಮಿ ಇರೋದನ್ನು ತಗೋಬೇಡಿ. ಒಂದೂಕಾಲು, ಒಂದೂವರೆ ಮೀಟರಿನದು ನಮ್ಮ ದಾರಿಗಳಿಗೆ ಸರಿ. ಒಂದಡಿಯ ಚಂದದ ಆಂಟೆನಾ ಶೋಕಿಗೆ ಮಾತ್ರ.

ಬೊಲೆರೊಗೆ ಮ್ಯಾಗ್ನೆಟ್ ಬುಡದ್ದೇ ಸಾಕು. ಟಾಪ್ ಕಬ್ಬಿಣದ ತಗಡು, ನಡುಮಧ್ಯ ಕೂರಿಸಿ. ಆಂಟೆನಾ ಅಂದ್ರೆ ಆ ಕಡ್ಡಿ ಒಂದೇ ಅಲ್ಲ. ಕೆಳಗಿನ ತಗಡು ಅದರ ಇನ್ನರ್ಧ. ಮಧ್ಯ ಇಟ್ಟರೆ ನಾಲ್ಕೂ ಕಡೆಗೆ ಹೆಚ್ಚುಕಮ್ಮಿ ಒಂದೇ ಸಮ ಹೋಗುತ್ತದೆ. ಹಿಂದಿನ ಎಡ ಮೂಲೆಗೆ ಇಟ್ಟರೆ ಮುಂದಿನ ಬಲಕ್ಕೆ ಜೋರು, ಉಳಿದ ಕಡೆ ಸಪ್ಪೆ, ಯಾಕಂದ್ರೆ ತಗಡು ಯಾವ ಕಡೆ ಜಾಸ್ತಿ ಇದೆಯೋ ಸಿಗ್ನಲ್ ಆ ಕಡೆ ವಾಲುತ್ತದೆ. ಲಗೇಜ್ ಕ್ಯಾರಿಯರ್ ಇದ್ದರೆ ಅದರ ಸರಳಿಗೆ ಕಡ್ಡಿ ತಾಗದ ಹಾಗೆ ನೋಡಿಕೊಳ್ಳಿ. ವಾರಕ್ಕೊಮ್ಮೆ ಮ್ಯಾಗ್ನೆಟ್ ಎತ್ತಿ ಒರೆಸಿ. ಇಲ್ಲದಿದ್ದರೆ ಕೆಳಗೆ ಕೆಂಪು ಮಣ್ಣು ಸೇರಿ ಪೇಂಟ್ ಗೀರುತ್ತದೆ, ನಮ್ಮ ಮಳೆಗೆ ಆಮೇಲೆ ತುಕ್ಕು ಗ್ಯಾರಂಟಿ. ಕೇಬಲ್ ಬಾಗಿಲ ರಬ್ಬರ್ ಕೆಳಗಿಂದ ಒಳಗೆ ತರುವಾಗ ಹೊರಗಡೆ ಸ್ವಲ್ಪ ಜೋತು ಬಿಟ್ಟು ತನ್ನಿ. ನೀರು ಆ ಜೋತಿನಿಂದ ಕೆಳಗೆ ತೊಟ್ಟಿಕ್ಕುತ್ತದೆ, ಕೇಬಲ್ ಹಿಡಿದು ಒಳಗೆ ಬರಲ್ಲ.

ಜೀಪಿನ ಕಥೆ ಬೇರೆ. ನಿಮ್ಮದು ಬಟ್ಟೆ ಟಾಪ್ ತಾನೇ? ಮ್ಯಾಗ್ನೆಟ್ ಕೂರಿಸೋಕೆ ಮೇಲೆ ತಗಡೇ ಇಲ್ಲ. ಬಾನೆಟ್ ಮೇಲೆ ಇಡೋಣ ಅಂದರೆ ಕುಲುಕಾಟಕ್ಕೆ ಜಾರಿ ಬೀಳುತ್ತದೆ. ನಾನು ನನ್ನ ಜೀಪಿಗೆ ಆಂಟೆನಾ ಕೂರಿಸೋಕೆ ಹಿಂದಿನ ಬಾಡಿ ಪಕ್ಕಕ್ಕೆ ಎಲ್ ಆಕಾರದ ದಪ್ಪ ಪಟ್ಟಿ ಬೋಲ್ಟ್ ಹಾಕಿಸಿದ್ದೇನೆ. ಬೋಲ್ಟ್ ಕೂರುವ ಜಾಗದಲ್ಲಿ ಪೇಂಟನ್ನು ಬೆಳ್ಳಗೆ ಕಬ್ಬಿಣ ಕಾಣುವ ತನಕ ಉಜ್ಜಬೇಕು, ಬೋಲ್ಟ್ ಬಿಗಿ ಮಾಡಿದ ಮೇಲೆ ಗ್ರೀಸ್ ಬಳಿಯಬೇಕು. ವೆಲ್ಡಿಂಗ್ ಹುಡುಗ ಪಟ್ಟಿಗೆ ಚೆಂದಾಗಿ ಕಪ್ಪು ಪೇಂಟ್ ಹೊಡೆದು ಆಮೇಲೆ ಕೂರಿಸಿದ್ದ. ನೋಡೋಕೆ ಸೊಗಸು, ಕರೆಂಟ್ ಹರಿಯೋಕೆ ದಾರಿನೇ ಇಲ್ಲ. ಹಳೇ ಜೀಪಿನಲ್ಲಿ ಬಾಡಿಗೂ ಚಾಸಿಗೂ ನಡುವೆ ರಬ್ಬರ್, ತುಕ್ಕು ಎಲ್ಲ ಇರುತ್ತದೆ, ಆದ್ದರಿಂದ ಬ್ಯಾಟರಿ ಅರ್ಥ್‌ಗೆ ಹಾಕುವ ಹೆಣೆದ ತಾಮ್ರದ ಪಟ್ಟಿಯ ಒಂದು ತುಂಡನ್ನು ಬಾಡಿಯಿಂದ ಚಾಸಿಗೆ ಕಟ್ಟಿಬಿಡಿ.

ಕೇಬಲ್ ಆರ್‌ಜಿ 58, 50 ಓಮ್‌ನದು. ಡಿಶ್ ಟಿವಿ ಕೇಬಲ್ 75 ಓಮ್, ಅದು ಆಗಲ್ಲ. ನನಗೆ ಒಂದು ಅಂಗಡಿಯಲ್ಲಿ "ಎಲ್ಲಾ ಒಂದೇ ಸಾರ್" ಅಂತ ಅದನ್ನೇ ಕತ್ತರಿಸಿ ಕೊಟ್ಟಿದ್ದರು, ನಾನೂ ನಂಬಿ ತಂದಿದ್ದೆ. ಕೇಬಲ್ 18 ಅಡಿ ಇರಲೇಬೇಕು ಅಂತ ಇನ್ನೊಂದು ಮಾತು ಓಡಾಡುತ್ತದೆ, ತಲೆ ಕೆಡಿಸಿಕೊಳ್ಳಬೇಡಿ. ಆಂಟೆನಾ ಸರಿ ಇದ್ದರೆ ಎಷ್ಟುದ್ದ ಇದ್ದರೂ ನಡೆಯುತ್ತದೆ. ಮಿಕ್ಕಿದ್ದನ್ನು ಬಿಗಿಯಾಗಿ ಸುತ್ತಿಡದೆ ಸಡಿಲವಾಗಿ ಸೀಟಿನ ಕೆಳಗೆ ಬಿಡಿ.

ಕರೆಂಟ್ ವಿಷಯಕ್ಕೆ ಬಂದರೆ, ಸಿಗರೇಟ್ ಲೈಟರ್ ಸಾಕೆಟ್ ಒಂದು ದಿನ ಟ್ರೈ ಮಾಡೋಕೆ ಮಾತ್ರ. ಸೀದಾ ಬ್ಯಾಟರಿಯಿಂದ ಎರಡು ವಯರ್ ಎಳೆಯಿರಿ, ಪ್ಲಸ್ಸಿನದಕ್ಕೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಲಿ, ಸೆಟ್ ಹತ್ತಿರ ಅಲ್ಲ. ವಯರ್ ದಾರಿಯಲ್ಲಿ ಎಲ್ಲಾದರೂ ಸವೆದು ಬಾಡಿಗೆ ತಾಗಿದರೆ ಉರಿಯೋದು ಬ್ಯಾಟರಿಯಿಂದ ಫ್ಯೂಸ್ ತನಕದ ಭಾಗ ತಾನೇ, ಆ ಭಾಗ ಎಷ್ಟು ಗಿಡ್ಡವೋ ಅಷ್ಟು ಒಳ್ಳೆಯದು. ಮಾತಾಡುವಾಗ ಸೆಟ್ ಎಳೆಯೋದು ಎರಡು ಆಂಪ್ ಆಸುಪಾಸು, ಭಾರೀ ವಯರ್ ಬೇಕಿಲ್ಲ. 24 ವೋಲ್ಟಿನ ಲಾರಿಗೆ ಮಾತ್ರ ಹಾಗೇ ಕೊಡಬೇಡಿ, ಸುಟ್ಟುಹೋಗುತ್ತದೆ.

ಇನ್ನು ಎಲ್ಲರೂ ಬಿಟ್ಟುಬಿಡುವ ಕೆಲಸ, ಎಸ್‌ಡಬ್ಲ್ಯೂಆರ್ ನೋಡೋದು, ಅಂದ್ರೆ ಕಳಿಸಿದ್ದರಲ್ಲಿ ಎಷ್ಟು ಆಂಟೆನಾದಿಂದ ವಾಪಸ್ ಬರುತ್ತಿದೆ ಅಂತ ತಿಳಿಸುವ ಅಳತೆ. ಇದನ್ನು ಮಾಡದೆ ಮಾತಾಡೋಕೆ ಮೈಕ್ ಒತ್ತಲೇಬೇಡಿ. ಸೆಟ್ಟಿಗೂ ಆಂಟೆನಾಗೂ ನಡುವೆ ಮೀಟರ್ ಸಿಕ್ಕಿಸಿ. ಗಾಡಿಯನ್ನು ಕಾಫಿ ಕಣದ ಮಧ್ಯಕ್ಕೆ ತಂದು ನಿಲ್ಲಿಸಿ, ಗೋದಾಮಿನ ಗೋಡೆ, ಮರ, ಕರೆಂಟ್ ಲೈನ್ ಯಾವುದೂ ಹತ್ತಿರ ಇರಬಾರದು. ಬಾಗಿಲು ಮುಚ್ಚಿ. ನೋಡೋಕೆ ಬಂದು ಬಾನೆಟ್‌ಗೆ ಒರಗಿ ನಿಂತವರನ್ನು ದೂರ ಕಳಿಸಿ, ಮೈಯೂ ರೀಡಿಂಗ್ ಕೆಡಿಸುತ್ತದೆ. 1ನೇ ಚಾನೆಲ್‌ಗೆ ಹಾಕಿ, ಮೀಟರ್ ಸ್ವಿಚ್ ಫಾರ್ವರ್ಡ್‌ಗೆ ಇಟ್ಟು, ಮಾತಾಡದೆ ಮೈಕ್ ಒತ್ತಿ, ಗುಂಡಿ ತಿರುಗಿಸಿ ಮುಳ್ಳನ್ನು ಕೊನೆಯ ಗೆರೆಗೆ ತನ್ನಿ. ಮೈಕ್ ಬಿಡದೆ ಸ್ವಿಚ್ ರಿಫ್ಲೆಕ್ಟ್‌ಗೆ ತಳ್ಳಿ ಓದಿಕೊಳ್ಳಿ. ಹಾಗೇ 14, 27. ಮೂರನ್ನೂ ಬರೆದಿಡಿ.

1ರಲ್ಲಿ ಜಾಸ್ತಿ, 27ರಲ್ಲಿ ಕಮ್ಮಿ ಬಂದರೆ ಕಡ್ಡಿ ಗಿಡ್ಡ ಇದೆ ಅಂತ, ಬುಡದ ಸಣ್ಣ ಸ್ಕ್ರೂ ಸಡಿಲಿಸಿ ಕಡ್ಡಿ ಸ್ವಲ್ಪ ಮೇಲೆ ಎಳೆಯಿರಿ. ಉಲ್ಟಾ ಬಂದರೆ ಕಡ್ಡಿ ಉದ್ದ, ಒಳಗೆ ತಳ್ಳಿ. ಕತ್ತರಿಸೋದು ಕೊನೆಗೆ, ಅದೂ ಒಂದೊಂದು ಸಲಕ್ಕೆ ಮೂರ್ನಾಲ್ಕು ಮಿಲಿಮೀಟರ್. ಕತ್ತರಿಸಿದ್ದನ್ನು ಅಂಟಿಸೋಕೆ ಆಗಲ್ಲ. ಒಂದೂವರೆ ಒಳಗೆ ಬಂದರೆ ಸಾಕು, ಆಗ ವಾಪಸ್ ಬರೋದು ನೂರಕ್ಕೆ ನಾಲ್ಕು ಪಾಲು ಅಷ್ಟೇ. ಒಂದೇ ಒಂದು ಬರಲಿ ಅಂತ ಇಡೀ ಭಾನುವಾರ ಕಳೆಯಬೇಡಿ. ಎರಡಾದರೆ ಹನ್ನೊಂದು ಪಾಲು, ಮೂರಾದರೆ ಕಾಲು ಭಾಗ ವಾಪಸ್, ಸೆಟ್ಟಿನ ಒಳಗಿನ ಟ್ರಾನ್ಸಿಸ್ಟರ್ ಬಿಸಿಯಾಗಿ ಒಂದು ದಿನ ಕೈ ಕೊಡುತ್ತದೆ.

ಮೂರೂ ಚಾನೆಲ್‌ನಲ್ಲಿ ಮೂರರ ಮೇಲೆ ಬಂದರೆ ಕಡ್ಡಿ ಮುಟ್ಟಬೇಡಿ, ತೊಂದರೆ ಬೇರೆ ಕಡೆ ಇದೆ. ನನ್ನ ಜೀಪಿನಲ್ಲಿ ಮುಳ್ಳು ನಾಲ್ಕರ ಆಚೆ ಹೋಗಿ ಕೂತಿತ್ತು. ಪೇಂಟ್ ಉಜ್ಜಿದೆ, ಅರ್ಥ್ ಕಟ್ಟಿದೆ, ಕಡ್ಡಿ ಎಳೆದೆ, ತಳ್ಳಿದೆ, ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಎರಡು ಸಂಜೆ ಹಾಳಾಯ್ತು. ಕೊನೆಗೆ ಕೇಬಲ್ ತುದಿಯ ಪಿಎಲ್ 259 ಕನೆಕ್ಟರ್ ಬಿಚ್ಚಿ ನೋಡಿದರೆ ಹೊರ ಜಾಲರಿಯ ಒಂದೇ ಒಂದು ಎಳೆ, ಕೂದಲಿನಷ್ಟು ಸಣ್ಣದು, ಬಾಗಿ ನಡುವಿನ ಪಿನ್ನಿಗೆ ತಾಗಿಕೊಂಡಿತ್ತು. ಬೆಸುಗೆ ಹಾಕಿದವನು ನಾನೇ, ಬೈಯೋಕೂ ಯಾರೂ ಇರಲಿಲ್ಲ. ಮಲ್ಟಿಮೀಟರ್‌ನಲ್ಲಿ ಪಿನ್ನಿಗೂ ಜಾಲರಿಗೂ ಬೀಪ್ ಬರುತ್ತಾ ನೋಡಿ, ಆದರೆ ಆಂಟೆನಾ ಬಿಚ್ಚಿಟ್ಟು ಬರೀ ಕೇಬಲ್ ಮಾತ್ರ ನೋಡಬೇಕು. ಕಾಯಿಲ್ ಇರುವ ಎಷ್ಟೋ ಆಂಟೆನಾಗಳು ಸರಿ ಇದ್ದಾಗಲೂ ಬೀಪ್ ಅನ್ನುತ್ತವೆ, ಅವುಗಳ ಕಟ್ಟೇ ಹಾಗೆ.

ಗಲಾಟೆ ಬಗ್ಗೆ ಎರಡು ಮಾತು. ಡೀಸೆಲ್ ಗಾಡಿಗೆ ಸ್ಪಾರ್ಕ್ ಪ್ಲಗ್ ಇಲ್ಲ, ಅರ್ಧ ತಲೆನೋವು ಅಲ್ಲೇ ಹೋಯ್ತು. ಆಕ್ಸಿಲರೇಟರ್ ತುಳಿದ ಹಾಗೆ ಕುಂಯ್ ಅಂತ ಏರುವ ಸದ್ದು ಬಂದರೆ ಅದು ಆಲ್ಟರ್ನೇಟರಿಂದು. ಆಂಟೆನಾ ಕೇಬಲ್ ಕಿತ್ತು ಕೇಳಿ. ಸದ್ದು ಹಾಗೇ ಇದ್ದರೆ ಕರೆಂಟ್ ವಯರಿನಿಂದ ಬರುತ್ತಿದೆ, ಫಿಲ್ಟರ್ ಹಾಕಿ. ನಿಂತುಹೋದರೆ ಆಂಟೆನಾದಿಂದ, ಆಗ ಅಗ್ಗದ ಫೋನ್ ಚಾರ್ಜರ್, ಎಲ್‌ಇಡಿ ಬಾರ್ ಒಂದೊಂದೇ ಆಫ್ ಮಾಡುತ್ತಾ ಬನ್ನಿ. ನನಗೆ ತೋಟದ ಮೇಲಿನ ಮೂಲೆಗೆ ಹೋದಾಗ ಮಾತ್ರ ಟಿಕ್, ಟಿಕ್ ಅಂತ ಸೆಕೆಂಡಿಗೊಂದು ಬಡಿತ ಕೇಳಿಸುತ್ತಿತ್ತು. ಇಂಜಿನ್ ಆಫ್ ಮಾಡಿದರೂ ನಿಲ್ಲಲಿಲ್ಲ. ಆಮೇಲೆ ಹೊಳೆಯಿತು, ಅದು ಐಬೆಕ್ಸ್ ಬೇಲಿ, ಆನೆ ತಡೆಯೋಕೆ ಹಾಕುವ ಕರೆಂಟ್ ಬೇಲಿ. ಬಳ್ಳಿ ಹಬ್ಬಿ ತಂತಿಗೆ ತಾಗಿ ಕಿಡಿ ಹಾರುತ್ತಿತ್ತು. ಬಳ್ಳಿ ಸವರಿಸಿದೆ, ಬಡಿತ ನಿಂತಿತು. ಈಗ ಬೇಲಿ ಲೀಕ್ ಹುಡುಕೋಕೂ ಜೀಪಿನಲ್ಲಿ ಒಂದು ಸುತ್ತು ಹೊಡೆಯುತ್ತೇನೆ, ಸೆಟ್ಟಿನ ದುಡ್ಡು ಅದರಲ್ಲೇ ಹುಟ್ಟಿತು ಅನ್ನಿ.

ಎಷ್ಟು ದೂರ ಅಂತ ಕೇಳಿದ್ದೀರಿ. ಅರಸೀಕೆರೆ ಕಡೆಯ ಬಯಲಿನಲ್ಲಿ ಗಾಡಿಯಿಂದ ಗಾಡಿಗೆ ಎಂಟು ಹತ್ತು ಕಿಲೋಮೀಟರ್ ಮಾತಾಡಿದ್ದೇನೆ. ನಮ್ಮ ಗುಡ್ಡದಲ್ಲಿ ಎರಡು ಮೂರು ಅಂತ ಇಟ್ಟುಕೊಳ್ಳಿ. ಈ ಅಲೆ ಒದ್ದೆ ಮರಗಳ ನಡುವೆ ಹ್ಯಾಂಡಿಗಳ ಅಲೆಗಿಂತ ಚೆನ್ನಾಗಿ ನುಸುಳುತ್ತದೆ, ಸಣ್ಣ ದಿಬ್ಬವನ್ನೂ ಸ್ವಲ್ಪ ಬಾಗಿ ದಾಟುತ್ತದೆ. ಇಡೀ ಗುಡ್ಡ ಅಡ್ಡ ನಿಂತರೆ ಯಾವುದೂ ದಾಟಲ್ಲ. ಚಾರ್ಮಾಡಿಯಲ್ಲಿ ಎರಡು ತಿರುವು ಕೆಳಗಿದ್ದ ಗಾಡಿ ಸಿಗದೆ, ಅದಕ್ಕಿಂತ ಎಷ್ಟೋ ದೂರದ ಎದುರು ಗುಡ್ಡದವರು ಸಲೀಸಾಗಿ ಸಿಕ್ಕಿದ್ದು ನೋಡಿದ್ದೇನೆ. ಇನ್ನು ಒಮ್ಮೊಮ್ಮೆ ಹಗಲು ಹೊತ್ತಿನಲ್ಲಿ ಯಾವುದೋ ಭಾಷೆಯವರು ಪಕ್ಕದಲ್ಲೇ ಕೂತ ಹಾಗೆ ಮಾತಾಡುತ್ತಾರೆ. ಗಾಬರಿ ಬೇಡ. ಸೂರ್ಯನ ಕಲೆ ಜಾಸ್ತಿ ಇರುವ ವರ್ಷಗಳಲ್ಲಿ ಈ ಅಲೆ ಆಕಾಶಕ್ಕೆ ಬಡಿದು ಸಾವಿರಾರು ಕಿಲೋಮೀಟರ್ ಆಚೆ ಇಳಿಯುತ್ತದೆ. ಅವರ ಗದ್ದಲ ಇರೋವಾಗ ನಿಮ್ಮ ಮೇಸ್ತ್ರಿ ದನಿ ಕೇಳದೇ ಇರಬಹುದು. ಅದಕ್ಕೇ ಆನೆ ವಿಷಯಕ್ಕೆ ಇದೊಂದನ್ನೇ ನಂಬಬೇಡಿ. ಇಲಾಖೆಯವರ ಮೆಸೇಜು, ಅಕ್ಕಪಕ್ಕದ ತೋಟದವರ ಫೋನು, ಇವೆಲ್ಲ ಇದ್ದ ಹಾಗೇ ಇರಲಿ.

ರೈಟರ್ ಆಫೀಸಿಗೂ ಒಂದು ಸೆಟ್ ಇಟ್ಟರೆ ಗಾಡಿಗಳ ನಡುವೆ ಸಿಗದಿದ್ದಾಗ ಅವರು ಮಾತು ದಾಟಿಸಬಹುದು. ಅದಕ್ಕೆ 12 ವೋಲ್ಟ್ ಸಪ್ಲೈ ಬೇಕು, ಆಂಟೆನಾ ಹಂಚಿಗಿಂತ ಮೇಲೆ ಹೋಗಬೇಕು. ಏಪ್ರಿಲ್ ಗುಡುಗು ಶುರುವಾಗುವ ಮೊದಲೇ ಕೇಬಲ್ ಕಿತ್ತು ಮನೆಯಿಂದ ಹೊರಗೆ ಹಾಕುವ ಅಭ್ಯಾಸ ಅವರಿಗೆ ಮಾಡಿಸಿ. ಮಳೆಗಾಲ ಇಡೀ ಹೊರಗೆ ಇರುವ ಕನೆಕ್ಟರನ್ನು ರಬ್ಬರ್ ಟೇಪ್ ಸುತ್ತಿ ಮುಚ್ಚಿ, ಬರೀ ಕಪ್ಪು ಇನ್ಸುಲೇಷನ್ ಟೇಪ್ ಒಂದು ಮಳೆಗೆ ಅಂಟು ಬಿಡುತ್ತದೆ. ಮತ್ತೆ, ತೋಟದಲ್ಲಿ ಜೋತ ಕರೆಂಟ್ ಲೈನ್ ಇದ್ದ ಕಡೆ ಕಡ್ಡಿ ಮಡಚಿಕೊಂಡೇ ದಾಟಿ, ಇದು ತಮಾಷೆಯ ಮಾತಲ್ಲ.

ಸೆಟ್ ಯಾವುದಾದರೂ ತನ್ನಿ, ಅಲೆ ಮೇಲೆ ಮಾತು ಕೂರಿಸುವ ವಿಧಾನ ಎರಡರಲ್ಲೂ ಎಎಂ ಇರಬೇಕು, ಇಲ್ಲ ಎರಡರಲ್ಲೂ ಎಫ್‌ಎಂ ಇರಬೇಕು, ಅಷ್ಟೇ. ಒಂದು ಅದು, ಒಂದು ಇದು ಆದರೆ ಬರೀ ಗೊರಗೊರ.

ಮೀಟರ್ ಕೊಳ್ಳೋಕೆ ಹೋಗಬೇಡಿ, ವರ್ಷಕ್ಕೆ ಎರಡು ದಿನ ಬೇಕಾಗುವ ವಸ್ತು. ಮುಂದಿನ ಭಾನುವಾರ ಮೂಡಿಗೆರೆಗೆ ಮದುವೆಗೆ ಬರೋದಿದೆ, ಊಟ ಮುಗಿಸಿ ನಿಮ್ಮ ಕಡೆ ಬರ್ತೀನಿ, ಮೀಟರ್ ಜೊತೆಗೇ ತರ್ತೀನಿ. ಕಣ ಖಾಲಿ ಇರಲಿ. ಸಣ್ಣ ಅಲೆನ್ ಕೀ ನಿಮ್ಮಲ್ಲಿ ಇದ್ದರೆ ತೆಗೆದಿಡಿ, ನನ್ನದು ಜೀಪಿನಲ್ಲೇ ಎಲ್ಲೋ ಬಿದ್ದು ಕಳೆದಿದೆ.