ಡೌನ್ ಸಿಂಡ್ರೋಮ್‌ಗೆ ಗಂಡನ ಬ್ಯಾಟರಿ ಅಂಗಡಿಯ ಸೀಸ ಕಾರಣವೇ? ಅಂಗಡಿ ಮುಚ್ಚಿದರೆ ಎರಡನೇ ಮಗು ಚೆನ್ನಾಗಿರುತ್ತದೆಯೇ?

ನಮ್ಮ ಮನೆಯವರದ್ದೂ ಬ್ಯಾಟರಿ ಅಂಗಡಿಯೇ ಆಗಿತ್ತು. ಮಗಳಿಗೆ ಡೌನ್ ಸಿಂಡ್ರೋಮ್ ಎಂದು ತಿಳಿದ ದಿನದಿಂದ ಬಂಧುಗಳೆಲ್ಲ ಅವರನ್ನೇ ದೂರಿದರು. ಕೊನೆಗೆ ಅಂಗಡಿ ಮಾರಿದೆವು.

ಮಾಡಬೇಕಾದದ್ದನ್ನು ಮಾತ್ರ ಬಿಟ್ಟೆವು. ಮಗುವಿನ ರಕ್ತದ ಕ್ಯಾರಿಯೋಟೈಪ್ ಟೆಸ್ಟ್ (ಜೀವಕೋಶದಲ್ಲಿ ವಂಶವಾಹಿಗಳನ್ನು ಹೊತ್ತಿರುವ ಎಳೆಗಳಾದ ಕ್ರೋಮೋಸೋಮ್‌ಗಳನ್ನು ನೋಡುವ ಪರೀಕ್ಷೆ) ಮಾಡಿಸಿ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಮುಖ ನೋಡಿದರೇ ಗೊತ್ತಾಗುತ್ತಲ್ವಾ, ಸುಮ್ನೆ ಯಾಕೆ ದುಡ್ಡು ಎಂದು ನಾನೇ ಬೇಡ ಅಂದೆ. ಆ ಟೆಸ್ಟ್ ಇರುವುದು ಕಾಯಿಲೆ ಇದೆಯೋ ಇಲ್ಲವೋ ಎಂದು ಹೇಳಲು ಮಾತ್ರವಲ್ಲ, ಯಾವ ಬಗೆಯದು ಎಂದು ಹೇಳಲು. ನೂರರಲ್ಲಿ ಸುಮಾರು 95 ಮಕ್ಕಳಿಗೆ 21ನೇ ಕ್ರೋಮೋಸೋಮ್ ಬಿಡಿಯಾಗಿ ಒಂದು ಜಾಸ್ತಿ ಇರುತ್ತದೆ. ಹೆಚ್ಚಾಗಿ ಅದು ತಾಯಿಯ ಅಂಡಾಣು ತಯಾರಾಗುವಾಗ ಆಗುವ ಏರುಪೇರು, ವಯಸ್ಸು ಏರಿದಂತೆ ಸಾಧ್ಯತೆಯೂ ಏರುತ್ತದೆ. ಇನ್ನು 3–4 ಮಕ್ಕಳಲ್ಲಿ ಅದು 14ನೆಯದರಂಥ ಬೇರೆ ಕ್ರೋಮೋಸೋಮಿಗೆ ಅಂಟಿಕೊಂಡಿರುತ್ತದೆ. ಇದೇ ಟ್ರಾನ್ಸ್‌ಲೊಕೇಶನ್. ಕೆಲವು ಸಲ ಇದು ಅಪ್ಪ ಅಥವಾ ಅಮ್ಮನಿಂದ ಬರುತ್ತದೆ. ಅವರು ಆರೋಗ್ಯವಾಗಿಯೇ ಇರುತ್ತಾರೆ, ಟೆಸ್ಟ್ ಇಲ್ಲದೆ ಗೊತ್ತೇ ಆಗುವುದಿಲ್ಲ.

ಆಮೇಲೆ ನನಗೆ ಮತ್ತೆ ಮತ್ತೆ ಗರ್ಭಪಾತವಾಯಿತು. ಆಗ ಟೆಸ್ಟ್ ಮಾಡಿಸಿದೆವು. ಮಗಳದ್ದು ಟ್ರಾನ್ಸ್‌ಲೊಕೇಶನ್, ಬಂದದ್ದು ನನ್ನಿಂದ. ಇಂಥ 14–21ರ ಜೋಡಣೆ ತಾಯಿಯಲ್ಲಿದ್ದರೆ ಮುಂದಿನ ಮಗುವಿಗೂ ಡೌನ್ ಸಿಂಡ್ರೋಮ್ ಬರುವ ಸಾಧ್ಯತೆ ನೂರಕ್ಕೆ ಹತ್ತು, ಹದಿನೈದು. ತಂದೆಯಲ್ಲಿದ್ದರೆ ತುಂಬಾ ಕಡಿಮೆ. ಇದು ಮೊದಲೇ ಗೊತ್ತಿದ್ದರೆ ಪ್ರತಿ ಬಸಿರಿಗೂ ತಯಾರಾಗಿರುತ್ತಿದ್ದೆವು. ಮನೆಯವರು ಆ ಮಾತುಗಳನ್ನೆಲ್ಲ ಕೇಳಬೇಕಿರಲಿಲ್ಲ.

ಹಾಗಾಗಿ ಅಂಗಡಿ ಮುಚ್ಚಬೇಕೇ ಎನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಸೀಸದಿಂದ ಡೌನ್ ಸಿಂಡ್ರೋಮ್ ಬರುತ್ತದೆ ಎಂದು ಸಾಬೀತಾಗಿಲ್ಲ. ಸೀಸ ಕೆಡಿಸುವುದು ಮಿದುಳನ್ನು. ತಾಯಿಯ ಮೂಳೆಯಲ್ಲಿ ಕೂತಿರುವ ಸೀಸ ಬಸಿರಿನಲ್ಲಿ ರಕ್ತಕ್ಕೆ ಇಳಿದು ಮಗುವನ್ನು ಸೇರುತ್ತದೆ. ಜಪಾನಿನ ಮಿನಮಾಟದಲ್ಲಿ 1950ರ ದಶಕದಲ್ಲಿ ಪಾದರಸ ಸೇರಿದ ಮೀನು ತಿಂದ ಬಸುರಿಯರ ಮಕ್ಕಳಿಗೆ ಆದದ್ದೂ ಮಿದುಳಿನ ಹಾನಿ, ಕ್ರೋಮೋಸೋಮ್ ಕಾಯಿಲೆಯಲ್ಲ.

ಅದಕ್ಕೇ ಸೀಸದ ವಿಷಯದಲ್ಲಿ ಎಚ್ಚರ ಬೇಕೇ ಬೇಕು. ನಿಮ್ಮ ಯಜಮಾನರು ಕೆಲಸದ ಬಟ್ಟೆ, ಚಪ್ಪಲಿ ಅಂಗಡಿಯಲ್ಲೇ ಬಿಟ್ಟು ಬರಲಿ, ಸ್ನಾನ ಮಾಡಿಯೇ ಮಗುವನ್ನು ಎತ್ತಿಕೊಳ್ಳಲಿ. ಮೂವರೂ ರಕ್ತದಲ್ಲಿ ಸೀಸ ಎಷ್ಟಿದೆ ಎಂದು ನೋಡಿಸಿಕೊಳ್ಳಿ. ಮಗುವಿಗೆ ಎಕೋ (ಹೃದಯದ ಸ್ಕ್ಯಾನ್) ಆಗಿಲ್ಲದಿದ್ದರೆ ಈ ವಾರವೇ ಮಾಡಿಸಿ. ಇಂಥ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯದ ತೊಂದರೆ ಇರುತ್ತದೆ. ಎರಡನೇ ಮಗುವಿನ ಮಾತು ಕ್ಯಾರಿಯೋಟೈಪ್ ರಿಪೋರ್ಟ್ ಬಂದ ಮೇಲೆ. ಅದನ್ನು ಹಿಡಿದು ಜೆನೆಟಿಕ್ಸ್ ಡಾಕ್ಟರ ಹತ್ತಿರ ಇಬ್ಬರೂ ಒಟ್ಟಿಗೇ ಹೋಗಿ.