ವ್ಯಾನ್ (WAN) ಆಕ್ಸಿಲರೇಟರ್, ಅಂದರೆ ದೂರದ ಆಫೀಸುಗಳ ನಡುವಿನ ನೆಟ್‌ವರ್ಕಿನ ವೇಗ ಹೆಚ್ಚಿಸುವ ಪೆಟ್ಟಿಗೆಯನ್ನು, ಟ್ರಾಫಿಕ್ ಹೋಗುವ ದಾರಿಯ ನಡುವೆ ಇಡಬೇಕಾ, ಪಕ್ಕದಲ್ಲಾ?

ಬ್ರಾಂಚ್ ಆಫೀಸಿನಲ್ಲಿ ಒಂದೇ ರೂಟರ್, ಒಂದೇ ಲಿಂಕ್ ಇದ್ದರೆ ನಡುವೆಯೇ ಇಡಿ, ಅಂದರೆ ಸ್ವಿಚ್ಚಿಗೂ ರೂಟರಿಗೂ ಮಧ್ಯೆ. ಇದಕ್ಕೆ ಇನ್‌ಲೈನ್ ಅನ್ನುತ್ತಾರೆ. ಎರಡು ಮೂರು ಲಿಂಕ್ ಇರುವ ಡೇಟಾ ಸೆಂಟರಿನಲ್ಲಿ ಪಕ್ಕದಲ್ಲಿಟ್ಟು, ರೂಟರಿನಿಂದಲೇ ಟ್ರಾಫಿಕ್ಕನ್ನು ಅದರ ಕಡೆ ತಿರುಗಿಸುವುದು ವಾಸಿ. ಸಿಸ್ಕೋ ರೂಟರುಗಳಲ್ಲಿ ಈ ಕೆಲಸಕ್ಕೆ ಡಬ್ಲ್ಯುಸಿಸಿಪಿ ಎಂಬ ಪ್ರೋಟೊಕಾಲ್ ಇದೆ.

ಯಾಕೆ ಹೀಗೆ? ಈ ಪೆಟ್ಟಿಗೆ ಟಿಸಿಪಿ (ಕಳಿಸಿದ್ದು ತಲುಪಿತೇ ಎಂದು ಖಾತ್ರಿ ಮಾಡಿಕೊಳ್ಳುವ ಪ್ರೋಟೊಕಾಲ್) ಸಂಪರ್ಕವನ್ನು ನಡುವೆ ತುಂಡು ಮಾಡಿ, ಎದುರಿನವರ ಪರವಾಗಿ ತಾನೇ ಉತ್ತರ ಕೊಡುತ್ತದೆ. ಹಾಗಾಗಿ ಹೋಗುವ ಪ್ಯಾಕೆಟ್ಟೂ ಬರುವ ಪ್ಯಾಕೆಟ್ಟೂ ಅದರ ಕಣ್ಣಿಗೆ ಬೀಳಲೇಬೇಕು. ಹೋಗಿದ್ದು ಒಂದು ಲಿಂಕಿನಲ್ಲಿ, ಬಂದಿದ್ದು ಇನ್ನೊಂದರಲ್ಲಿ ಆದರೆ ಸಂಪರ್ಕ ಕಡಿದುಹೋಗಬಹುದು, ಇಲ್ಲವೇ ಸುಮ್ನೆ ಹಳೇ ವೇಗದಲ್ಲೇ ಓಡಬಹುದು. ತಿರುಗಿಸುವ ನಿಯಮವನ್ನು ಎರಡೂ ದಿಕ್ಕಿಗೆ ಬರೆಯಿರಿ. ಜಾಸ್ತಿ ಜನ ಮರೆಯುವುದು ಇದನ್ನೇ.

ಇನ್‌ಲೈನ್ ಇಟ್ಟರೆ ಕರೆಂಟ್ ಹೋದಾಗ ನೆಟ್‌ವರ್ಕ್ ಸಾಯುತ್ತೆ ಅಲ್ವಾ? ಬೈಪಾಸ್ ಕಾರ್ಡ್ ಇದ್ದರೆ ಇಲ್ಲ. ಒಳಗಿನ ರಿಲೇ ಎರಡು ಪೋರ್ಟುಗಳನ್ನು ನೇರ ಜೋಡಿಸಿಬಿಡುತ್ತದೆ. ಆಗ ಸ್ವಿಚ್ಚು ರೂಟರು ನೇರವಾಗಿ ಮಾತಾಡಬೇಕು, ಆದ್ದರಿಂದ ಅವೆರಡರ ಸ್ಪೀಡ್ ಮತ್ತು ಡ್ಯೂಪ್ಲೆಕ್ಸ್ (ಒಂದೇ ಸಲ ಎರಡೂ ದಿಕ್ಕಿಗೆ ಕಳಿಸುವುದಾ, ಸರದಿಯಲ್ಲಾ ಎಂಬ ಸೆಟ್ಟಿಂಗ್) ಹೊಂದಬೇಕು. ನಾನಂತೂ ಹೊಸದು ಕೂರಿಸಿದ ದಿನವೇ ಸಂಜೆ ಎಲ್ಲರೂ ಹೋದ ಮೇಲೆ ಪ್ಲಗ್ ಕಿತ್ತು ನೋಡುತ್ತೇನೆ.