ಸೈಟು ಎಣಿಸಬೇಡಿ, ತಂತಿ ಮೇಲಿನ ಯೂನಿಫಾರಂ ಎಣಿಸಿ

ಪ್ರಶ್ನೆ: ಹಾಸನದ ಹೊರವಲಯದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷ ನಾನು. ಒಂದರಿಂದ ಐದರವರೆಗೆ 54 ಮಕ್ಕಳಿದ್ದಾರೆ. ಪಕ್ಕದ ಜೋಳದ ಹೊಲ ಈಗ 240 ಸೈಟಿನ ಲೇಔಟ್ ಆಗಿದೆ. ಮನೆಗೆ ಎರಡು ಮಕ್ಕಳಂದ್ರೂ 480 ಆಯ್ತು, ಈಗಲೇ ಕೊಠಡಿ ಕೇಳೋಣ ಅಂತ ಸದಸ್ಯರೊಬ್ಬರ ಹಠ. ನಿಜಕ್ಕೂ ಎಷ್ಟು ಮಕ್ಕಳು ಬರಬಹುದು?
— ಒಬ್ಬ ಓದುಗರು, ಹಾಸನ ತಾಲ್ಲೂಕು

ಉತ್ತರ: ಅಧ್ಯಕ್ಷರೇ, ಆ ಸದಸ್ಯರ ಮೇಲೆ ಬೇಜಾರು ಮಾಡ್ಕೋಬೇಡಿ. ನಾನು ಮುಖ್ಯ ಶಿಕ್ಷಕನಾಗಿದ್ದಾಗ ಇದೇ ಲೆಕ್ಕ ಹಾಕಿದ್ದೆ. ಶಾಲೆಯ ಹಿಂದೆ 300 ಸೈಟಿನ ಲೇಔಟ್ ಬಂತು. ಎರಡರಿಂದ ಗುಣಿಸಿದೆ, ಅರ್ಜಿ ಬರೆದೆ, ಓಡಾಡಿ ಎರಡು ಕೊಠಡಿ ಮಂಜೂರು ಮಾಡಿಸಿದೆ. ಕೊಠಡಿ ಮುಗಿದ ಜೂನ್‌ನಲ್ಲಿ ಹೊಸದಾಗಿ ಬಂದವರು ಏಳೇ ಮಕ್ಕಳು. ಒಂದು ಕೊಠಡಿಗೆ ಬಿಸಿಯೂಟದ ಅಕ್ಕಿ ಮೂಟೆ ಸೇರಿತು, ಇನ್ನೊಂದಕ್ಕೆ ಕಾಲು ಮುರಿದ ಬೆಂಚುಗಳು.

ಸೈಟು ಅಂದ್ರೆ ಮನೆಯಲ್ಲ. ರೇಟು ಏರಲಿ ಅಂತ ಬೆಂಗಳೂರಿನಲ್ಲಿದ್ದವರು ಕೊಂಡು ಬಿಟ್ಟ ಸೈಟಿನಲ್ಲಿ ಪಾರ್ಥೇನಿಯಂ ಬಿಟ್ರೆ ಬೇರೇನೂ ಬೆಳೆಯುವುದಿಲ್ಲ. ಇನ್ನು ‘ಮನೆಗೆ ಎರಡು’ ಅನ್ನೋದೂ ಹಳೇ ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಸರಾಸರಿ ಒಬ್ಬ ಮಹಿಳೆಗೆ 1.7 ಮಕ್ಕಳು. ಅವರಲ್ಲೂ ಒಂದು ತೊಟ್ಟಿಲಲ್ಲಿರುತ್ತೆ, ಇನ್ನೊಂದು ಪಿಯುಸಿ ಓದ್ತಿರುತ್ತೆ. ನಿಮಗೆ ಬೇಕಾದ್ದು ಆರರಿಂದ ಹನ್ನೊಂದರೊಳಗಿನವರು ಮಾತ್ರ.

ಇಂಗ್ಲೆಂಡಿನಲ್ಲಿ ಈ ಲೆಕ್ಕಕ್ಕೆ ‘ಪ್ಯುಪಿಲ್ ಯೀಲ್ಡ್’ ಅಂತಾರೆ, ಅಂದ್ರೆ ಮಕ್ಕಳ ಇಳುವರಿ! ನಾವು ಎಕರೆಗೆ ಎಷ್ಟು ಚೀಲ ಆಲೂಗಡ್ಡೆ ಅಂತ ನೋಡೋ ಹಾಗೆ, ಅವರು ನೂರು ಮನೆಗೆ ಎಷ್ಟು ಮಕ್ಕಳು ಅಂತ ಹಳೇ ಬಡಾವಣೆಗಳನ್ನು ನೋಡಿ ಹೇಳ್ತಾರೆ. ಅದನ್ನೇ ತೋರಿಸಿ ಬಿಲ್ಡರ್ ಹತ್ತಿರ ಶಾಲೆಗೆ ದುಡ್ಡೂ ಕೇಳ್ತಾರೆ. ನಮ್ಮಲ್ಲಿ ಅದೆಲ್ಲ ಎಲ್ಲಿ ಬಂತು, ಬಿಡಿ.

ನೀವು ಹೀಗೆ ಮಾಡಿ. ನಿಮ್ಮ ರಸ್ತೆಯಲ್ಲೇ ಆರೇಳು ವರ್ಷ ಹಳೆಯದಾದ ಲೇಔಟ್ ಇದ್ದೇ ಇರುತ್ತೆ. ಭಾನುವಾರ ಹತ್ತು ಗಂಟೆಗೆ ಅಲ್ಲಿ ಒಂದು ಸುತ್ತು ಹಾಕಿ. ಮನೆ ಎಣಿಸಬೇಡಿ, ಗೋಡೆ ಮೇಲಿನ ಕರೆಂಟ್ ಮೀಟರ್ ಎಣಿಸಿ. ಮೂವತ್ತು-ನಲವತ್ತರ ಒಂದೇ ಸೈಟಿನಲ್ಲಿ ಮೂರು ಮೀಟರ್ ಇರ್ತವೆ. ಕೆಳಗೆ ನಿವೃತ್ತಿ ದುಡ್ಡಲ್ಲಿ ಕಟ್ಟಿಸಿದ ಓನರ್, ಅವರ ಮಕ್ಕಳು ಬೆಂಗಳೂರಲ್ಲಿ. ಮೇಲೆ ಬಾಡಿಗೆಯವರು. ಶಾಲೆಗೆ ಹೋಗೋ ಮಕ್ಕಳು ಜಾಸ್ತಿ ಇರೋದು ಮೇಲೆಯೇ. ಆಮೇಲೆ ತಾರಸಿ ಕಡೆ ಕಣ್ಣು ಹಾಯಿಸಿ. ತಂತಿ ಮೇಲೆ ಯೂನಿಫಾರಂ ಒಣಗ್ತಿರುತ್ತೆ. ಅಳತೆ ನೋಡಿದ್ರೆ ಎಷ್ಟನೇ ಕ್ಲಾಸು ಅಂತ ಅಂದಾಜಾಗುತ್ತೆ, ಬಣ್ಣ ನೋಡಿದ್ರೆ ಯಾವ ಶಾಲೆ ಅಂತ. ನಾನು ಹೀಗೆ ನೋಡ್ತಾ ನಿಂತಿದ್ದಾಗ ಒಬ್ಬರು ‘ಯಾರು ಬೇಕಿತ್ತು?’ ಅಂತ ಗದರಿದ್ದರು. ಮೇಷ್ಟ್ರು ಅಂದ ಮೇಲೆ ಕಾಫಿ ಕೊಟ್ಟರು. ಕೊನೆಗೆ ಅಂಗನವಾಡಿ ಕಾರ್ಯಕರ್ತೆಯ ಸಮೀಕ್ಷೆ ಪುಸ್ತಕ ಕೇಳಿ ನೋಡಿ. ಯಾವ ಮಗು ಯಾವ ವರ್ಷ ಒಂದನೇ ಕ್ಲಾಸಿಗೆ ಬರುತ್ತೆ ಅನ್ನೋದು ಅದರಲ್ಲೇ ಸಿಗುತ್ತೆ.

ಉದಾಹರಣೆಗೆ, 240 ಸೈಟಿನಲ್ಲಿ ಐದು ವರ್ಷಕ್ಕೆ 60 ಮನೆ ಎದ್ದವು ಅನ್ನಿ. ಬಾಡಿಗೆಯವರೂ ಸೇರಿ 90 ಸಂಸಾರ. ಮೂರು ಸಂಸಾರಕ್ಕೊಂದು ಪ್ರಾಥಮಿಕ ಶಾಲೆ ವಯಸ್ಸಿನ ಮಗು ಅಂದ್ರೆ 30. ಅದರಲ್ಲಿ 24 ಮಕ್ಕಳು ಬೆಳಿಗ್ಗೆ ಎಂಟಕ್ಕೇ ವ್ಯಾನ್ ಹತ್ತಿರ್ತಾರೆ. ನಿಮಗೆ ಉಳಿಯೋದು ಆರು. ನಿಮ್ಮ ಸುತ್ತಾಟದಲ್ಲಿ ಸಿಕ್ಕ ಸಂಖ್ಯೆ ಬೇರೆ ಇದ್ದರೆ ಅದನ್ನೇ ಹಾಕಿಕೊಳ್ಳಿ.

ಆರೇನಾ ಅಂತ ಮುಖ ಸಣ್ಣ ಮಾಡ್ಕೋಬೇಡಿ. ಶಿಕ್ಷಣ ಹಕ್ಕು ಕಾಯ್ದೆಯ ಪಟ್ಟಿಯಲ್ಲಿ ಒಂದರಿಂದ ಐದನೇ ತರಗತಿಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು. 54ಕ್ಕೆ ಆರು ಸೇರಿದ್ರೆ ಸರಿಯಾಗಿ 60! ನಿಮ್ಮ ತಲೆನೋವು 480 ಮಕ್ಕಳದ್ದಲ್ಲ, ಮೂರನೇ ಶಿಕ್ಷಕರನ್ನು ತರೋ ಆ 61ನೇ ಮಗುವಿನದ್ದು.

ಆ ಮಗು ಎಲ್ಲಿದೆ ಅಂತಲೂ ಹೇಳ್ತೀನಿ. ನನ್ನ ಶಾಲೆಗೆ ಬಂದ ಏಳರಲ್ಲಿ ಐದು ಮಕ್ಕಳು ಮನೆಗಳಿಂದ ಬಂದವರಲ್ಲ. ಮನೆ ಕಟ್ಟೋಕೆ ರಾಯಚೂರು, ಕಲಬುರಗಿ ಕಡೆಯಿಂದ ಬಂದವರು ತಗಡಿನ ಶೆಡ್ಡಿನಲ್ಲಿದ್ರಲ್ಲ, ಅವರ ಮಕ್ಕಳು. ಅಪ್ಪ ಅಮ್ಮ ಕೆಲಸಕ್ಕೆ ಹೋದ್ರೆ ಆರು ವರ್ಷದ ಹುಡುಗಿ ತಮ್ಮನನ್ನು ಸೊಂಟದ ಮೇಲೆ ಹೊತ್ತು ಮರಳು ಗುಡ್ಡೆ ಹತ್ತಿರ ಕೂತಿರ್ತಿದ್ದಳು. ತಮ್ಮನನ್ನು ಅಂಗನವಾಡಿಗೆ ಸೇರಿಸಿದ ಮೇಲೇ ಅವಳು ಶಾಲೆಗೆ ಬಂದದ್ದು. ಕೆಲಸ ಮುಗಿದ್ರೆ ಇವರೂ ಗಂಟು ಕಟ್ತಾರೆ, ನಿಜ. ಅದಕ್ಕೇ ಇವರನ್ನು ನೆಚ್ಚಿಕೊಂಡು ಕೊಠಡಿ ಕೇಳಬೇಡಿ. ಆದ್ರೆ ಟಿಸಿ ಇಲ್ಲ, ಜನನ ಪತ್ರ ಇಲ್ಲ ಅಂತ ವಾಪಸ್ ಕಳಿಸೋ ಹಾಗಿಲ್ಲ. ಅದೇ ಕಾಯ್ದೆಯಲ್ಲಿದೆ. ದಾಖಲು ಮಾಡಿಕೊಂಡ ದಿನವೇ ಸರ್ಕಾರದ ಆನ್‌ಲೈನ್ ವಿದ್ಯಾರ್ಥಿ ಪಟ್ಟಿಯಾದ ಎಸ್‌ಎಟಿಎಸ್‌ನಲ್ಲಿ ಹೆಸರು ಏರಿಸೋಕೆ ಮುಖ್ಯ ಶಿಕ್ಷಕರಿಗೆ ಹೇಳಿ.

ಆ ಲೇಔಟಿನಲ್ಲಿ ಈಗ ಎಷ್ಟು ಶೆಡ್ ಇವೆ? ನೋಡಿಕೊಂಡು ಬಂದು ಇನ್ನೊಂದು ಕಾಗದ ಬರೆಯಿರಿ.